ಗೋಡೆ ಆಮೇಲೆ, ಮೊದಲು ನೀರು ನೋಡಿ: ಪುಣೆ ಸುತ್ತಲಿನ ಗಡಗಳಲ್ಲಿ ಯುದ್ಧವನ್ನು ಓದುವುದು ಹೇಗೆ

ಹೋದ ದೀಪಾವಳಿ ರಜೆಯಲ್ಲಿ ಹುಬ್ಬಳ್ಳಿಯಿಂದ ಅಕ್ಕನ ಮಗ ಬಂದಿದ್ದ. ಎಂಟನೇ ಕ್ಲಾಸಿನ ಹುಡುಗ. ಲೋಹಗಡಕ್ಕೆ ಕರೆದುಕೊಂಡು ಹೋದೆ. ನಾಲ್ಕೂ ಬಾಗಿಲು ದಾಟಿ ಮೇಲೆ ಬಂದು, ಹತ್ತಿ ಬಂದ ದಾರಿ ಹಾವಿನ ಹಾಗೆ ಸುತ್ತಿಕೊಂಡಿರುವುದನ್ನು ಬಗ್ಗಿ ನೋಡಿ, ಬೆವರು ಒರೆಸಿಕೊಳ್ಳುತ್ತ ಕೇಳಿದ: "ಮಾಮಾ, ಇಷ್ಟ ಗಟ್ಟಿ ಕೋಟಿ ಇಂಗ್ಲೀಷರಿಗೆ ಹೆಂಗ ಬಿಟ್ಟುಕೊಟ್ರು?"

ಬಾಯಿಮಾತಲ್ಲಿ ಹೇಳಲಿಲ್ಲ. ಹೆಗಲು ಹಿಡಿದು ಪೂರ್ವಕ್ಕೆ ತಿರುಗಿಸಿದೆ. ಎದುರಿಗೇ ವಿಸಾಪುರ. ಲೋಹಗಡಕ್ಕಿಂತ ಸುಮಾರು 50 ಮೀಟರ್ ಎತ್ತರ, ನಡುವೆ ಒಂದು ಸಣ್ಣ ಕಣಿವೆ ಅಷ್ಟೆ. 1818ರ ಮಾರ್ಚ್ 4ರಂದು ಇಂಗ್ಲಿಷರು ವಿಸಾಪುರ ಹಿಡಿದರು. ಮರುದಿನ ಲೋಹಗಡ ಖಾಲಿ. ಒಳಗಿದ್ದ ಮರಾಠರಿಗೆ ಲೆಕ್ಕ ಗೊತ್ತಿತ್ತು. ಎದುರು ಬೆಟ್ಟದ ಮೇಲೆ ವೈರಿಯ ತೋಪು ಬಂದು ನಿಂತ ಮೇಲೆ ಈ ನಾಲ್ಕು ಬಾಗಿಲು ಇದ್ದರೇನು, ಇಲ್ಲದಿದ್ದರೇನು?

ಪುಣೆಗೆ ಬಂದು ಹದಿನಾರು ವರ್ಷ ಆಯಿತು. ಊರಿಂದ ಯಾರು ಬಂದರೂ "ಒಂದು ಕೋಟೆ ತೋರಿಸಪ್ಪ" ಅನ್ನುತ್ತಾರೆ, ನಾವೂ ಕರೆದುಕೊಂಡು ಹೋಗುತ್ತೇವೆ, ಬಾಗಿಲ ಹತ್ತಿರ ಫೋಟೋ ತೆಗೆಸಿಕೊಂಡು ಝುಣಕ ಭಾಕರಿ ತಿಂದು ಇಳಿದು ಬರುತ್ತೇವೆ. ಅಷ್ಟು ದೊಡ್ಡ ದೊಡ್ಡ ಸೈನ್ಯಗಳನ್ನು ಇಷ್ಟು ಸಣ್ಣ ನಾಡು ಹೇಗೆ ತಡೆಯಿತು ಅನ್ನುವುದು ಮಾತ್ರ ಬೆಟ್ಟದ ಮೇಲೇ ಉಳಿದುಬಿಡುತ್ತದೆ. ನನಗೆ ಇದು ನಿಜಕ್ಕೂ ಬೇಸರ. ಯಾಕೆಂದರೆ ಉತ್ತರ ಅಲ್ಲೇ ಕಣ್ಣೆದುರಿಗೇ ಇರುತ್ತದೆ, ಸ್ವಲ್ಪ ಬೇರೆ ಕಡೆ ನೋಡಬೇಕು ಅಷ್ಟೆ. ಎಲ್ಲಿ ನೋಡಬೇಕು, ಯಾವುದನ್ನು ಮೊದಲು ನೋಡಬೇಕು, ಮಕ್ಕಳಿಗೆ ಹೇಗೆ ಹೇಳಬೇಕು ಅನ್ನುವುದನ್ನು ನಾನು ಕಲಿತಷ್ಟು ಇಲ್ಲಿ ಬರೆಯುತ್ತೇನೆ.

ಹೊರಡುವ ಮೊದಲು

ಸೈನ್ಯ ಹೊರಡುತ್ತಿದ್ದ ಹೊತ್ತಿಗೇ ನೀವೂ ಹೊರಡಿ, ಅಂದರೆ ದಸರೆ ಆದ ಮೇಲೆ. ನಾವು ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅನ್ನುತ್ತೇವಲ್ಲ, ಇಲ್ಲಿನವರು ಅದೇ ದಿನ ಆಪಟೆ ಎಲೆ ಕೊಟ್ಟು ಅದೇ ಮಾತು ಹೇಳುತ್ತಾರೆ. ಆ ದಿನ ಸೀಮೋಲ್ಲಂಘನ, ಊರ ಗಡಿ ದಾಟಿ ದಂಡು ಹೊರಡುವ ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯಲ್ಲಿ ಯಾರೂ ನೆಟ್ಟಗೆ ಯುದ್ಧ ಮಾಡಲು ಆಗುತ್ತಿರಲಿಲ್ಲ. ಮದ್ದು ನೆನೆಯುತ್ತದೆ, ಗಾಡಿ ಹೂತುಹೋಗುತ್ತದೆ, ಹಳ್ಳ ದಾಟಲು ಆಗುವುದಿಲ್ಲ. 1702ರಲ್ಲಿ ಔರಂಗಜೇಬನ ದಂಡು ವಿಶಾಳಗಡ ತೆಗೆದುಕೊಂಡು ಮಳೆಯಲ್ಲೇ ಪನ್ಹಾಳದ ಕಡೆ ಹೊರಟಿತು. ದಾರಿ ಸುಮಾರು 30 ಮೈಲಿ. ಹಿಡಿದದ್ದು 38 ದಿನ. ಈ ಒಂದು ಲೆಕ್ಕ ಮಕ್ಕಳಿಗೆ ಮೊದಲೇ ಹೇಳಿಬಿಡಿ, ಮಳೆ ಯಾರ ಕಡೆ ಇತ್ತು ಅಂತ ಅವರೇ ಹೇಳುತ್ತಾರೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು. ಮಳೆಗಾಲದಲ್ಲಿ ಹಸಿರು ಚಂದ ನಿಜ, ಆದರೆ ಮೆಟ್ಟಿಲು ಜಾರುತ್ತವೆ, ಮಂಜಿನಲ್ಲಿ ಪಕ್ಕದ ಬೆಟ್ಟವೇ ಕಾಣುವುದಿಲ್ಲ, ಮತ್ತೆ ನಾನು ಹೇಳುವುದೆಲ್ಲ ಪಕ್ಕದ ಬೆಟ್ಟದ ಮೇಲೇ ನಿಂತಿದೆ. ಒಬ್ಬೊಬ್ಬರೂ ಎರಡು ಲೀಟರ್ ನೀರು ತಗೊಳ್ಳಿ, ತಮ್ಮದನ್ನು ತಾವೇ ಹೊರಲಿ. ಘಮಘಮ ಸೆಂಟು ಹಾಕಿಕೊಂಡು ಬರಬೇಡಿ, ಹೊಗೆ ಎಬ್ಬಿಸಬೇಡಿ, ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಇರುತ್ತದೆ.

ಮೊದಲ ಸಲಕ್ಕೆ ಲೋಹಗಡವೇ ಸರಿ. ಪುಣೆ–ಲೋಣಾವಳಾ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿಯಿರಿ. ಎಡಗಡೆ ಕಿಟಕಿ ಸಿಕ್ಕರೆ ಬಿಡಬೇಡಿ, ಕಾಮಶೇತ್ ದಾಟಿದ ಮೇಲೆ ಎರಡೂ ಬೆಟ್ಟ ಜೋಡಿಯಾಗಿ ಅದೇ ಕಡೆ ಕಾಣುತ್ತವೆ. ಮಧ್ಯಾಹ್ನ ಲೋಕಲ್ ಕಡಿಮೆ, ಅದಕ್ಕೇ ವಾಪಸ್ ಗಾಡಿಯ ಸಮಯ ಬೆಳಗ್ಗೆಯೇ ನೋಡಿಟ್ಟುಕೊಳ್ಳಿ. ಸ್ಟೇಷನ್ನಿಂದ ಭಾಜೆ ಊರಿನ ಮೇಲೆ ನಡೆದರೆ ಸುಮಾರು ಎರಡು ಗಂಟೆಯಲ್ಲಿ ಎರಡೂ ಬೆಟ್ಟಗಳ ನಡುವಿನ ಗಾಯಮುಖ ಖಿಂಡ ಸಿಗುತ್ತದೆ. ಖಿಂಡ ಅಂದರೆ ಎರಡು ಬೆಟ್ಟ ಸೇರುವ ತಗ್ಗು. ಅಲ್ಲಿ ಒಂದು ನಿಮಿಷ ನಿಲ್ಲಿ. ಎಡಕ್ಕೆ ವಿಸಾಪುರ, ಬಲಕ್ಕೆ ಲೋಹಗಡ. ಇಲ್ಲಿಂದಲೇ ಪಾಠ ಶುರು.

ಬೆಟ್ಟದ ಮೇಲೆ ಯಾವುದನ್ನು ಮೊದಲು ನೋಡಬೇಕು

ಎಲ್ಲರೂ ಗೋಡೆ ನೋಡುತ್ತಾರೆ. ನೀವು ಮೊದಲು ನೀರು ಹುಡುಕಿ.

ಚಿತ್ರದುರ್ಗ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿನ ಹೊಂಡಗಳು ಒಂದರಿಂದ ಇನ್ನೊಂದಕ್ಕೆ ನೀರು ಇಳಿಯುವ ಹಾಗೆ ಇವೆ ಅಲ್ವಾ, ಇಲ್ಲಿಯೂ ಅದೇ ಬುದ್ಧಿ. ಬಂಡೆ ಕೊರೆದು ಮಾಡಿದ ತೊಟ್ಟಿಗಳಿಗೆ ಇಲ್ಲಿ ಟಾಕೆ ಅನ್ನುತ್ತಾರೆ. ಲೋಹಗಡದ ಮೇಲೆ ಅಂಥ ಟಾಕೆಗಳಿವೆ, ಪೇಶ್ವೆಯ ಮಂತ್ರಿ ನಾನಾ ಫಡ್ನವೀಸನ ಕಾಲದ 16 ಮೂಲೆಯ ದೊಡ್ಡ ಕೊಳವೂ ಇದೆ. ಟಾಕೆಯ ಅಂಚಿನಲ್ಲಿ ಕೂತು ಗೋಡೆಗೆ ಅಂಗೈ ಇಡಿ. ಉಳಿಯ ಗೆರೆಗಳು ಇನ್ನೂ ಕೈಗೆ ಹತ್ತುತ್ತವೆ, ಓರೆಯಾಗಿ, ಒಂದರ ಪಕ್ಕ ಒಂದು. ಬಂಡೆ ಕಡಿದು ತೆಗೆದ ಕಲ್ಲು ಗೋಡೆಗೆ ಹೋಗಿದೆ, ಉಳಿದ ಗುಂಡಿ ನೀರಿಗೆ ಆಗಿದೆ. ಒಂದೇ ಏಟಿಗೆ ಎರಡು ಕೆಲಸ.

ಈಗ ಲೆಕ್ಕ ಹಾಕಿಸಿ. ನಾನು ಅಳಿಯನ ಕೈಯಲ್ಲಿ ಇದನ್ನೇ ಮಾಡಿಸಿದೆ. ಕುಡಿಯಲು, ಬೇಯಿಸಲು ಸೇರಿ ಒಬ್ಬನಿಗೆ ದಿನಕ್ಕೆ 3 ಲೀಟರ್ ಅಂತ ತೀರಾ ಬಿಗಿಯಾಗಿ ಹಿಡಿಯೋಣ. 500 ಜನ. ಮಳೆ ಇಲ್ಲದ 8 ತಿಂಗಳು, ಅಂದರೆ 240 ದಿನ. ಗುಣಿಸಿದರೆ 3 ಲಕ್ಷ 60 ಸಾವಿರ ಲೀಟರ್. 10 ಮೀಟರ್ ಉದ್ದ, 9 ಮೀಟರ್ ಅಗಲ, 4 ಮೀಟರ್ ಆಳದ ಒಂದು ತೊಟ್ಟಿಯಲ್ಲಿ ಅಷ್ಟು ಹಿಡಿಯುತ್ತದೆ. ಬಿಸಿಲಿಗೆ ಆರುವುದು ಬೇರೆ, ದನ ಕುದುರೆ ಬೇರೆ. ಹುಡುಗ ಹೆಜ್ಜೆ ಹಾಕಿ ಟಾಕೆ ಅಳೆದ, ಮೊಬೈಲಿನಲ್ಲಿ ಗುಣಿಸಿದ, ಆಮೇಲೆ ತಲೆ ಎತ್ತಿ, "ಹಂಗಾದ್ರ ಜಳಕಾ?" ಅಂದ. ಸರಿಯಾದ ಪ್ರಶ್ನೆ. ಮುತ್ತಿಗೆ ಅಂದರೆ ಏನು ಅಂತ ಅವನಿಗೆ ಆ ಕ್ಷಣಕ್ಕೆ ಗೊತ್ತಾಯಿತು. ಹೊರಗಿದ್ದವನು ಗೋಡೆ ಒಡೆಯಲೇಬೇಕು ಅಂತಿಲ್ಲ, ಕಾದು ಕೂತರೂ ಸಾಕು. ಒಳಗಿದ್ದವನ ನೀರು ಮುಗಿಯುವುದಕ್ಕೂ ಮುಂದಿನ ಮಳೆ ಬರುವುದಕ್ಕೂ ಓಟದ ಪಂದ್ಯ.

ನನಗೇ ಇದು ತಿಳಿದದ್ದು ಕಷ್ಟದಿಂದ. ಬಂದ ಹೊಸದರಲ್ಲಿ ಮೇ ತಿಂಗಳಲ್ಲಿ ರಾಜಗಡ ಹತ್ತಿದ್ದೆ, ಒಂದೇ ಬಾಟಲಿ ನೀರು. ಮೇಲೆ ಹೋಗುವುದರೊಳಗೆ ಅದು ಖಾಲಿ, ಇಳಿಯುವಾಗ ಕಾಲು ನಡುಗುತ್ತಿದ್ದವು. ಗುಂಜವಣೆಯಲ್ಲಿ ಒಬ್ಬ ಅಜ್ಜಿ ತಂಬಿಗೆ ನೀರು ಕೊಟ್ಟಳು. ಆ ದಿನದಿಂದ ಯಾವ ಗಡಕ್ಕೆ ಹೋದರೂ ಮೊದಲು ನೀರೆಲ್ಲಿ ಅಂತ ನೋಡುತ್ತೇನೆ.

ನೀರಾದ ಮೇಲೆ ಪಕ್ಕದ ಬೆಟ್ಟ. ಇದನ್ನು ಲೋಹಗಡದಲ್ಲಿ ನೋಡಿಯಾಯಿತು. ಇನ್ನೂ ಸ್ಪಷ್ಟವಾಗಿ ನೋಡಬೇಕು ಅಂದರೆ ಸಾಸವಡ ಹತ್ತಿರದ ಪುರಂದರಕ್ಕೆ ಹೋಗಿ. ಅದು ಸೈನ್ಯದ ಜಾಗ, ಗುರುತಿನ ಚೀಟಿ ಬೇಕು, ಸಂಜೆಯೊಳಗೆ ಇಳಿಯಬೇಕು. 1665ರಲ್ಲಿ ಮೊಗಲ ಸರದಾರರಾದ ಮಿರ್ಜಾ ರಾಜಾ ಜಯಸಿಂಗ ಮತ್ತು ದಿಲೇರಖಾನ ಮುತ್ತಿಗೆ ಹಾಕಿದಾಗ ನೇರವಾಗಿ ಪುರಂದರಕ್ಕೆ ಕೈ ಹಾಕಲಿಲ್ಲ. ಪಕ್ಕಕ್ಕೆ ಅಂಟಿಕೊಂಡೇ ಇರುವ ವಜ್ರಗಡವನ್ನು ಏಪ್ರಿಲ್‌ನಲ್ಲಿ ಮೊದಲು ಹಿಡಿದರು, ಅಲ್ಲಿಂದ ತೋಪು ತಿರುಗಿಸಿದರು. ಕೋಟೆ ಕಾಯುತ್ತಿದ್ದ ಮುರಾರಬಾಜಿ ದೇಶಪಾಂಡೆ ಹೊರಗೆ ನುಗ್ಗಿ ಹೋರಾಡಿ ಸತ್ತ. ಜೂನ್‌ನಲ್ಲಿ ಶಿವಾಜಿ ಒಪ್ಪಂದಕ್ಕೆ ಬಂದು 23 ಕೋಟೆ ಬಿಟ್ಟುಕೊಟ್ಟರು, 12 ಉಳಿಸಿಕೊಂಡರು. ಕೊಟ್ಟ ಕೋಟೆಗಳ ಸೀಮೆಯ ಆದಾಯ 4 ಲಕ್ಷ ಹೊನ್ನು. ಹೊನ್ನು ನಮ್ಮ ಮಾತೇ, ಮರಾಠಿ ಕಾಗದಗಳಲ್ಲಿ 'ಹೋನ್' ಆಗಿ ಕೂತಿದೆ. ನಾನು ಮೆಚ್ಚುವುದು ಇಲ್ಲಿನ ಎದೆಗಾರಿಕೆಗಿಂತ ಜಾಸ್ತಿ ಆ ಒಪ್ಪಂದವನ್ನು. ಎಲ್ಲ ಹೋಗುವ ಮೊದಲು ಮೂರರಲ್ಲಿ ಒಂದು ಪಾಲು ಉಳಿಸಿಕೊಂಡು, ಐದು ವರ್ಷ ಕಾದು, 1670ರಿಂದ ಒಂದೊಂದಾಗಿ ವಾಪಸ್ ತೆಗೆದುಕೊಂಡರು. ಲೋಹಗಡ ಕೂಡ ಹಾಗೇ ಹೋಗಿ ಹಾಗೇ ಬಂದದ್ದು.

ಮೂರನೆಯದು, ಗೋಡೆ ಇಲ್ಲದ ಜಾಗ. ಸಿಂಹಗಡಕ್ಕೆ ಹೋದಾಗ ಪುಣೆ ದರವಾಜಾ, ಕಲ್ಯಾಣ ದರವಾಜಾ ಎರಡನ್ನೂ ನೋಡಿ, ಆಮೇಲೆ ತಾನಾಜಿ ಕಡಾ ಅನ್ನುವ ಬಂಡೆಯ ಅಂಚಿಗೆ ಹೋಗಿ ನಿಲ್ಲಿ. ಹುಷಾರಾಗಿ. ಅಲ್ಲಿ ಯಾರೂ ಹತ್ತಲಾರರು ಅಂತ ಬಂಡೆಯನ್ನೇ ನಂಬಿದ್ದರು. 1670ರ ಫೆಬ್ರವರಿ 4ರ ರಾತ್ರಿ ಶಿವಾಜಿಯ ಸರದಾರ ತಾನಾಜಿಯ ಮಾವಳೆಗಳು, ಅಂದರೆ ಮಾವಳದ ಬೆಟ್ಟದ ಸೀಮೆಯ ಕಾಲಾಳುಗಳು, ಹತ್ತಿದ್ದು ಅಲ್ಲಿಂದಲೇ. ಉಡಕ್ಕೆ ಹಗ್ಗ ಕಟ್ಟಿ ಹತ್ತಿದರು ಅನ್ನುವುದು ಪೋವಾಡಾ ಹಾಡಿನ ಕಥೆ, ಅದನ್ನೂ ಮಕ್ಕಳಿಗೆ ಹೇಳಿ, ಆದರೆ ಬಂಡೆಯನ್ನು ತೋರಿಸಿ ಹೇಳಿ.

ಗೋಡೆ, ಬುರುಜು, ಬಾಗಿಲು ಇವೆಲ್ಲ ಇದಾದ ಮೇಲೆ. ಬಾಗಿಲು ಸಿಕ್ಕಾಗ ಒಂದೇ ಒಂದು ವಿಷಯ ಗಮನಿಸಿ. ನೆಟ್ಟಗೆ ಎದುರಿಗೆ ಬರುವುದಿಲ್ಲ, ಪಕ್ಕಕ್ಕೆ ತಿರುಗಿ ಸಿಗುತ್ತದೆ. ಆನೆಯೋ ಮರದ ದಿಮ್ಮಿಯೋ ಓಡಿ ಬಂದು ಗುದ್ದಲು ಜಾಗವೇ ಇಲ್ಲ.

ದಾರಿಯೂ ಒಂದು ಕೋಟೆಯೇ

ಬೆಟ್ಟದ ನಾಡಿನಲ್ಲಿ ಯುದ್ಧ ಅರ್ಧಕ್ಕರ್ಧ ಕೋಟೆಯ ಹೊರಗೇ ಮುಗಿಯುತ್ತಿತ್ತು, ಘಾಟಿನಲ್ಲಿ, ಖಿಂಡದಲ್ಲಿ, ಮೇವಿಲ್ಲದ ಬಯಲಿನಲ್ಲಿ. ಅದನ್ನು ನೋಡಲು ಬೆಟ್ಟ ಹತ್ತುವುದೂ ಬೇಡ.

ಲೋಣಾವಳಾದ ಹತ್ತಿರ ಕುರವಂಡೆ ಅಂತ ಊರಿದೆ. ಅಲ್ಲಿಂದ ಹಳೆಯ ಇಳಿಜಾರು ದಾರಿ ಕೊಂಕಣಕ್ಕೆ ಹೋಗುತ್ತದೆ, ಕೆಳಗೆ ಸಿಗುವುದು ಉಂಬರಖಿಂಡ. 1661ರ ಫೆಬ್ರವರಿಯಲ್ಲಿ, ಮೊಗಲ ಸುಬೇದಾರ ಶಾಯಿಸ್ತಾಖಾನ ಪುಣೆಯಲ್ಲಿ ಬೀಡು ಬಿಟ್ಟಿದ್ದಾಗ, ಅವನ ಸರದಾರ ಕಾರತಲಬಖಾನ ಈ ದಾರಿಯಲ್ಲೇ ಸೈನ್ಯ ಇಳಿಸಿದ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಜಾಗ, ಎರಡೂ ಕಡೆ ದಟ್ಟ ಕಾಡು. ಶಿವಾಜಿಯ ಜನ ಮುಂದೆ ಹಿಂದೆ ಎರಡೂ ಬಾಯಿ ಮುಚ್ಚಿದರು. ಒಳಗಿದ್ದವರಿಗೆ ನೀರಿಲ್ಲ, ಗಾಳಿಯಿಲ್ಲ, ತೋಪು ತಿರುಗಿಸಲು ಜಾಗವಿಲ್ಲ. ಖಾನ ಸಾಮಾನೆಲ್ಲ ಅಲ್ಲೇ ಬಿಟ್ಟು ಜೀವದಾನ ಕೇಳಿ ಹೋದ. ಅಲ್ಲಿ ಕೋಟೆಯೇ ಇರಲಿಲ್ಲ ಅನ್ನುವುದನ್ನು ಗಮನಿಸಿ. ದಾರಿಯನ್ನೇ ಕೋಟೆ ಮಾಡಿಕೊಂಡಿದ್ದರು, ಅದೂ ವೈರಿ ಒಳಗೆ, ತಾವು ಹೊರಗೆ.

ಚಾಕಣದಲ್ಲಿ ಕೆಲಸ ಮಾಡುವ ನಮ್ಮವರು ಬಹಳ ಜನ ಇದ್ದಾರೆ. ಅಲ್ಲಿ ಊರೊಳಗೇ ಒಂದು ಬಯಲು ಕೋಟೆ ಇದೆ, ಸಂಗ್ರಾಮದುರ್ಗ. 1660ರಲ್ಲಿ ಶಿವಾಜಿಯ ಕಡೆಯ ಫಿರಂಗೋಜಿ ನರಸಾಳಾ ಅದನ್ನು ಶಾಯಿಸ್ತಾಖಾನನ ಎದುರು ಸುಮಾರು ಎರಡು ತಿಂಗಳು ಕಾದ. ಸುರಂಗ ತೋಡಿ ಬುರುಜು ಹಾರಿಸಿದ ಮೇಲೇ ಬಿದ್ದದ್ದು. ಶಿಫ್ಟ್ ಮುಗಿಸಿ ಬರುವಾಗ ಒಂದು ಸಂಜೆ ಹೋಗಿ ನೋಡಿ.

ಇನ್ನು ನನಗೆ ತುಂಬಾ ಹತ್ತಿರದ ಜಾಗ ವಡಗಾವ್. ನಿತ್ಯ ಸಾವಿರಾರು ಜನ ಲೋಕಲ್‌ನಲ್ಲಿ ಅದರ ಮುಂದೆಯೇ ಹಾದು ಹೋಗುತ್ತಾರೆ. 1778ರ ಕೊನೆಗೆ ಮುಂಬೈಯಿಂದ ಇಂಗ್ಲಿಷರ ಸೈನ್ಯ ಹೊರಟಿತು, ಪೇಶ್ವೆ ಮನೆತನದ ರಘುನಾಥರಾಯನನ್ನು ಪುಣೆಯ ಗದ್ದುಗೆಯಲ್ಲಿ ಕೂರಿಸಲು. ಸುಮಾರು 3,900 ಸೈನಿಕರು, ಸಾಮಾನು ಎಳೆಯಲು ಸುಮಾರು 19,000 ಎತ್ತು. ನಮ್ಮ ಕಡೆಯವರಿಗೆ ಎತ್ತು ಅಂದರೆ ಮೊದಲು ನೆನಪಾಗುವುದು ಕಣಿಕೆ ಬಣವಿ. ಒಂದು ಎತ್ತಿಗೆ ದಿನಕ್ಕೆ 6 ಕಿಲೋ ಒಣ ಮೇವು ಅಂತ ಹಿಡಿದರೂ 19,000 ಎತ್ತಿಗೆ 114 ಟನ್ ಆಗುತ್ತದೆ. ಪ್ರತಿ ದಿನ. ಅದನ್ನು ಮುಂಬೈಯಿಂದ ಹೊತ್ತು ತರಲು ಆಗುವುದಿಲ್ಲ, ದಾರಿಯಲ್ಲೇ ಸಿಗಬೇಕು. ಮರಾಠ ಸರದಾರರಾದ ಮಹಾದಜಿ ಶಿಂದೆ, ತುಕೋಜಿ ಹೋಳಕರ ಮಾಡಿದ್ದು ಇಷ್ಟೆ. ಮೇವು ಸಿಗದ ಹಾಗೆ ನೋಡಿಕೊಂಡರು. ಎದುರು ನಿಂತು ದೊಡ್ಡ ಕಾಳಗ ಕೊಡಲಿಲ್ಲ, ಸುತ್ತಲೂ ಕುದುರೆ ಸವಾರರನ್ನು ಬಿಟ್ಟು ಕಾಡಿದರು, ಹಿಂದೆ ಸರಿಯುತ್ತ ಹೋದರು. ಘಾಟ್ ಹತ್ತಿದ ಮೇಲೆ ಇಂಗ್ಲಿಷರು ದಿನಕ್ಕೆ ಒಂದು ಮೈಲಿ ನಡೆಯುವುದೂ ಕಷ್ಟವಾಯಿತು. ಕಾರ್ಲಾ ಹತ್ತಿರ ಅವರ ಕ್ಯಾಪ್ಟನ್ ಸ್ಟುವರ್ಟ್ ಗುಂಡು ತಗುಲಿ ಸತ್ತ. ಇಲ್ಲಿನ ಜನ ಅವನನ್ನು ಇಷ್ಟೂರ್ ಫಾಕಡಾ ಅಂತ ಕರೆದು ಇವತ್ತಿಗೂ ನೆನೆಯುತ್ತಾರೆ, ವೈರಿಯಾದರೂ ಧೈರ್ಯಸ್ಥ ಅಂತ. 1779ರ ಜನವರಿ 9ಕ್ಕೆ ತಳೇಗಾವ್ ಮುಟ್ಟಿದರೆ ಊರು ಸುಟ್ಟು ಬೂದಿ. ಮುಂದೆ ಚಿಂಚವಡ, ಪುಣೆಯನ್ನೂ ಸುಡಲು ತಯಾರಿ ಆಗಿತ್ತು. ದೊಡ್ಡ ತೋಪುಗಳನ್ನು ಕೆರೆಗೆ ಹಾಕಿ ರಾತ್ರಿಯೇ ಹಿಂದೆ ಹೊರಟರು, ವಡಗಾವ್‌ನಲ್ಲಿ ಮರಾಠರು ಸುತ್ತುವರಿದರು. ಒಂದು ವಾರದೊಳಗೆ ಒಪ್ಪಂದಕ್ಕೆ ಸಹಿ.

ಸ್ವಂತ ಊರನ್ನು ಸುಡುವುದು ಅಂದರೆ ಏನು ಅಂತ ಒಂದು ಕ್ಷಣ ಯೋಚಿಸಿ. ತಳೇಗಾವ್‌ನಲ್ಲಿ ಮನೆ ಕಳೆದುಕೊಂಡವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ವಡಗಾವ್‌ನಲ್ಲಿ ಮಹಾದಜಿಯ ಸ್ಮಾರಕ ನೋಡುವಾಗ ನಾನು ಮಕ್ಕಳಿಗೆ ಇದನ್ನೂ ಹೇಳುತ್ತೇನೆ.

ಜೊತೆಗಾರರು ಯಾರು ಅಂತ ಕೇಳುವುದು

ಇಲ್ಲಿಯವರೆಗೆ ಕಣ್ಣಿಗೆ ಕಾಣುವುದು. ಮೈತ್ರಿ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ ಯಾವ ಗಡದ ಕಥೆಗೂ ಮೂರು ಪ್ರಶ್ನೆ ಹಾಕಿದರೆ ಸಾಕು. ಜೊತೆ ಸೇರಿದವರಲ್ಲಿ ಪ್ರತಿಯೊಬ್ಬನಿಗೂ ಯಾರ ಭಯ? ಒಬ್ಬೊಬ್ಬರು ನಿಜವಾಗಿ ಏನು ಕೊಟ್ಟರು, ಜನವೋ, ಹಣವೋ, ದಾರಿಯೋ, ಇರಲು ಜಾಗವೋ? ಆ ಭಯ ಮುಗಿದ ದಿನ ಏನಾಯಿತು?

ಸಣ್ಣದರಿಂದ ಶುರು ಮಾಡಿ. 1659ರಲ್ಲಿ ಬಿಜಾಪುರದ ಸರದಾರ ಅಫಜಲಖಾನ ಶಿವಾಜಿಯ ಮೇಲೆ ಬಂದಾಗ ಮಾವಳದ ದೇಶಮುಖರಿಗೆಲ್ಲ, ಅಂದರೆ ವಂಶದಿಂದ ಬಂದ ಸೀಮೆಯ ಯಜಮಾನರಿಗೆ, ಬಿಜಾಪುರದಿಂದ ಫರ್ಮಾನು ಬಂತು, ಖಾನನ ಜೊತೆ ಸೇರಿ ಅಂತ. ಕೆಲವರು ಹೋದರು. ಖಂಡೋಜಿ ಖೋಪಡೆ ಹೋದ. ಕಾರಿ ಊರಿನ ಕಾನ್ಹೋಜಿ ಜೇಧೆ ತನ್ನ ಐದು ಮಕ್ಕಳನ್ನು ಕರೆದುಕೊಂಡು ಶಿವಾಜಿಯ ಹತ್ತಿರ ಬಂದು, ವತನದ ಮೇಲೆ ನೀರು ಬಿಟ್ಟ. ವತನ ಅಂದರೆ ನಮ್ಮ ಕಡೆಯ ಗೌಡಕಿ, ಕುಲಕರ್ಣಿಕಿ ಇದ್ದ ಹಾಗೆ, ತಲೆತಲಾಂತರದ ಹಕ್ಕು. ಅದನ್ನು ಬಿಡುತ್ತೇನೆ ಅನ್ನುವುದು ಬಾಯಿಮಾತಿನ ಬೆಂಬಲ ಅಲ್ಲ. ಕಣಿವೆಯ ದೇಶಮುಖ ಜೊತೆಗಿದ್ದರೆ ದಾರಿ ಗೊತ್ತು, ಧಾನ್ಯ ಬರುತ್ತದೆ, ಸುದ್ದಿ ಬರುತ್ತದೆ. ಇಲ್ಲದಿದ್ದರೆ ಮೇಲಿನ ಕೋಟೆ ಒಂಟಿ.

ದೊಡ್ಡ ಮೈತ್ರಿಗೆ ನಮಗೆ ಹತ್ತಿರದ ಉದಾಹರಣೆ ಇದೆ, ಮೈಸೂರಿನದು. ವಡಗಾವ್ ಆದ ಮರುವರ್ಷ, 1780ರಲ್ಲಿ, ನಾನಾ ಫಡ್ನವೀಸ, ಹೈದರ್ ಅಲಿ, ನಿಜಾಮ, ನಾಗಪುರದ ಭೋಸಲೆ ಎಲ್ಲ ಇಂಗ್ಲಿಷರ ವಿರುದ್ಧ ಒಂದಾದರು. ಅದಕ್ಕೆ ಮೊದಲು ಮರಾಠರಿಗೂ ಹೈದರನಿಗೂ ವರ್ಷಗಟ್ಟಲೆ ಕಾದಾಟ. ಆದರೂ ಸೇರಿದರು, ಭಯ ಒಂದೇ ಆಗಿತ್ತು. ಹೈದರ್ ಜುಲೈನಲ್ಲಿ ಆರ್ಕಾಟಿನ ಸೀಮೆಗೆ ನುಗ್ಗಿದ, ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಒಂದು ಪಡೆಯನ್ನೇ ಮುಗಿಸಿದ. ಇತ್ತ 1781ರಲ್ಲಿ ಇಂಗ್ಲಿಷರ ಜನರಲ್ ಗೊಡಾರ್ಡ್ ಮತ್ತೆ ಬೋರ್ ಘಾಟ್ ಹತ್ತಿ ಖಂಡಾಳಾದಲ್ಲಿ ಕೂತ, ಆದರೆ ಮುಂದೆ ಬರಲು ಆಗದೆ ಏಪ್ರಿಲ್‌ನಲ್ಲಿ ಪನವೇಲ್‌ಗೆ ಇಳಿದ. ಇಳಿಯುವ ದಾರಿಯುದ್ದಕ್ಕೂ ಪರಶುರಾಮಭಾವು ಪಟವರ್ಧನ ಮತ್ತು ಇತರರು ಅವನನ್ನು ಬಿಡದೆ ಹೊಡೆದರು. ಖಂಡಾಳಾ ಘಾಟಿನಲ್ಲಿ ರೈಲು ಸುರಂಗ ಹೊಕ್ಕು ಹೊರಬರುವಾಗ ನನಗೆ ಪ್ರತಿಸಲ ಇದು ನೆನಪಾಗುತ್ತದೆ. ಅದೇ ಹೊತ್ತಿಗೆ ಅತ್ತ ಮದ್ರಾಸಿನ ಕಡೆ ಕಂಪನಿಯ ಜನ, ಹಣ ಎರಡನ್ನೂ ಮೈಸೂರು ಕಟ್ಟಿಹಾಕಿತ್ತು.

ಈಗ ಮೂರನೆಯ ಪ್ರಶ್ನೆ. ಇಂಗ್ಲಿಷರಿಂದ ಗುಂಟೂರು ವಾಪಸ್ ಸಿಕ್ಕ ಕೂಡಲೇ ನಿಜಾಮ ತಣ್ಣಗಾದ. ಭೋಸಲೆಯನ್ನು ಹಣ ಕೊಟ್ಟು ಸುಮ್ಮನಾಗಿಸಿದರು. 1782ರ ಮೇನಲ್ಲಿ ಮರಾಠರು ಸಾಲಬಾಯಿಯಲ್ಲಿ ಇಂಗ್ಲಿಷರ ಜೊತೆ ಬೇರೆಯಾಗಿ ಒಪ್ಪಂದ ಮಾಡಿಕೊಂಡರು, ಹೈದರ್ ಒಬ್ಬನೇ ಉಳಿದ. ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡ. 1790ಕ್ಕೆ ಮರಾಠರು, ನಿಜಾಮ ಇಬ್ಬರೂ ಇಂಗ್ಲಿಷರ ಜೊತೆ ಸೇರಿ ಟಿಪ್ಪುವಿನ ಮೇಲೆ ಹೋದರು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. 19 ವರ್ಷ ಬಿಟ್ಟು ವಿಸಾಪುರದ ಮೇಲೆ ತೋಪು ಏರಿತು, ಲೋಹಗಡ ಖಾಲಿಯಾಯಿತು. ಹುಡುಗ ಕೇಳಿದ ಪ್ರಶ್ನೆಗೆ ನಾನು ಮೊದಲು ಪಕ್ಕದ ಬೆಟ್ಟ ತೋರಿಸಿದ್ದೆ, ಅದು ಅರ್ಧ ಉತ್ತರ. ಉಳಿದರ್ಧ ಶ್ರೀರಂಗಪಟ್ಟಣದಲ್ಲಿದೆ ಅಂತ ಇಳಿಯುವಾಗ ಹೇಳಿದೆ. ಮಗು ಸುಮ್ನೆ ಕೇಳಿಸಿಕೊಂಡ. ಈ ಭಾಗವನ್ನು ಹೇಳುವಾಗ ಇಲ್ಲಿನ ಗೆಳೆಯರ ಎದುರು ಹಿಂಜರಿಯಬೇಡಿ, ಯಾರನ್ನೂ ಬೈಯುವುದೂ ಬೇಡ. ಇಸವಿ ಹೇಳಿ, ಸಾಲಾಗಿ ಹೇಳಿ, ಕೇಳುವವರಿಗೆ ಅರ್ಥವಾಗುತ್ತದೆ.

ಸಿಂಹಗಡದಲ್ಲಿ ಒಂದು ಕಥೆ ನಾವೇ ಹೇಳಬೇಕು

ಇದನ್ನು ಬೇರೆ ಯಾವ ಗೈಡೂ ಹೇಳುವುದಿಲ್ಲ, ಅದಕ್ಕೇ ಕೊನೆಗೆ ಇಟ್ಟಿದ್ದೇನೆ. ಸ್ವಾರಗೇಟ್‌ನಿಂದ ಸಿಟಿ ಬಸ್ಸಿನಲ್ಲಿ ಗಡದ ಬುಡಕ್ಕೆ ಹೋಗಿ, ಬೆಳಗ್ಗೆ ಬೇಗ ಹತ್ತಿ. ದೇವಟಾಕೆಯ ನೀರು ನೋಡಿ, ಮಣ್ಣಿನ ಕುಡಿಕೆಯ ಮೊಸರು ತಿನ್ನಿ. ಆಮೇಲೆ ತಾನಾಜಿಯ ಸ್ಮಾರಕದ ಜೊತೆಗೆ ರಾಜಾರಾಮನ ಸಮಾಧಿಗೂ ಹೋಗಿ. ಅಲ್ಲಿ ಗಲಾಟೆ ಕಡಿಮೆ.

ರಾಜಾರಾಮ ಶಿವಾಜಿಯ ಕಿರಿಯ ಮಗ. 1689ರಲ್ಲಿ ಅಣ್ಣ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ. ರಾಯಗಡಕ್ಕೆ ಮುತ್ತಿಗೆ ಬಿತ್ತು. ಸಂಭಾಜಿಯ ಹೆಂಡತಿ ಯೇಸೂಬಾಯಿ ಸಣ್ಣ ಮಗನ ಜೊತೆ ಕೋಟೆಯಲ್ಲೇ ಉಳಿದು ಮೈದುನನನ್ನು ಹೊರಗೆ ಕಳಿಸಿದಳು. ಅದೇ ವರ್ಷ ರಾಯಗಡ ಬಿತ್ತು, ತಾಯಿ ಮಗ ಇಬ್ಬರೂ ಸೆರೆಯಾದರು. ರಾಜಾರಾಮ ವೇಷ ಮರೆಸಿಕೊಂಡು ದಕ್ಷಿಣಕ್ಕೆ ಹೊರಟ, ತಮಿಳು ಸೀಮೆಯ ಜಿಂಜಿಗೆ. ಆ ಜಿಂಜಿ ಕೈಗೆ ಬಂದದ್ದೇ ಒಂದು ಮೈತ್ರಿಯಿಂದ. 1677ರಲ್ಲಿ ಶಿವಾಜಿ ಗೋಲ್ಕೊಂಡದ ಕುತುಬಶಹನ ಜೊತೆ ಕೈ ಕುಲುಕಿ, ಅವನಿಂದ ಹಣ, ತೋಪು ಪಡೆದು ಹೋಗಿ ಗೆದ್ದ ಕೋಟೆ ಅದು. 12 ವರ್ಷ ಆದ ಮೇಲೆ ಮಗನಿಗೆ ಮನೆಯಾಯಿತು.

ಆದರೆ ರಾಯಗಡದಿಂದ ಜಿಂಜಿ ಎಲ್ಲಿ? ನಡುವೆ ಪೂರ್ತಿ ಕನ್ನಡ ನಾಡು, ಎಲ್ಲೆಲ್ಲೂ ಮೊಗಲರ ಠಾಣೆ. ಕೆಳದಿಯ ರಾಣಿ ಚೆನ್ನಮ್ಮ ಅವನನ್ನು ತನ್ನ ಸೀಮೆಯಲ್ಲಿ ಇರಿಸಿಕೊಂಡು, ಕಾಪಾಡಿ, ದಾರಿ ಮಾಡಿ ಮುಂದೆ ಕಳಿಸಿದಳು. ಆಸರೆ ಕೊಟ್ಟರೆ ಔರಂಗಜೇಬನ ಸಿಟ್ಟು ಬರುತ್ತದೆ ಅಂತ ಗೊತ್ತಿದ್ದೂ ಕೊಟ್ಟಳು. ಸಿಟ್ಟು ಬಂತು, ದಂಡೂ ಬಂತು. ಬಿದನೂರಿನ ಮಲೆಯ ಕಾಡು, ದಾರಿ, ಮಳೆ ಅವಳ ಕಡೆ ಇದ್ದವು. ಅವಳ ರಾಜ್ಯ ಉಳಿಯಿತು. ಜಿಂಜಿ 8 ವರ್ಷ ಮೊಗಲರನ್ನು ಕಟ್ಟಿಹಾಕಿತು, 1698ರ ಜನವರಿಯಲ್ಲಿ ಬೀಳುವ ಹೊತ್ತಿಗೆ ರಾಜಾರಾಮ ಅಲ್ಲಿಂದ ಪಾರಾಗಿ ವಾಪಸ್ ಬಂದಿದ್ದ. 1700ರ ಮಾರ್ಚ್‌ನಲ್ಲಿ ಈ ಸಿಂಹಗಡದ ಮೇಲೇ ತೀರಿಕೊಂಡ. ಹೆಂಡತಿ ತಾರಾಬಾಯಿ ಹೋರಾಟ ಬಿಡಲಿಲ್ಲ. ಔರಂಗಜೇಬ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆಯೂ ನಮ್ಮ ಕಡೆಯದೇ, 1705ರಲ್ಲಿ ಸುರಪುರದ ಬೇಡರ ವಾಗಣಗೇರಾ. ಅಲ್ಲಿನ ಪಿಡ್ಡನಾಯಕನ ನೆರವಿಗೆ ಮರಾಠರು ಬಂದರು, ಧನಾಜಿ ಜಾಧವ ಬಂದ. ಕೊಟ್ಟ ಸಾಲ ತೀರಿದ ಹಾಗೆ.

ಸಮಾಧಿಯ ಹತ್ತಿರ ನಿಂತು ಇದನ್ನು ಕನ್ನಡದಲ್ಲಿ ಹೇಳಿ, ಪಕ್ಕದಲ್ಲಿ ಮರಾಠಿ ಗೆಳೆಯರಿದ್ದರೆ ಮರಾಠಿಯಲ್ಲೂ ಹೇಳಿ. ಆಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿ, ಕೆಳದಿ ಆ ದಿಕ್ಕಿಗಿದೆ ಅಂತ ಕೈ ತೋರಿಸಿ. ಲೋಹಗಡಕ್ಕೆ ಹೋದ ಮೂರನೇ ದಿನ ಅಳಿಯನನ್ನು ಇಲ್ಲಿಗೆ ಕರೆತಂದಿದ್ದೆ. ಸ್ವಲ್ಪ ಹೊತ್ತು ಆ ಕಡೆಯೇ ನೋಡುತ್ತಿದ್ದ. "ನಡೀತಾನೇ ಬಂದ್ನಾ ಅಂವಾ, ಕೆಳದಿ ಮಟ?" ಅಂದ. ಬೆಟ್ಟದ ಮೇಲೆ ಬೆಟ್ಟ ಕಾಣುತ್ತಿತ್ತು. ತಾನು ಬೆಳಗ್ಗೆ ಹತ್ತಿ ಬಂದ ದಾರಿಯ ಕಡೆ ತಿರುಗಿ, ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಎತ್ತಿ ನೋಡಿದ.